ಯುದ್ಧೇತಿಹಾಸದ ಗ್ರಂಥಗಳು ದೊರೆಯುವುದೆಲ್ಲಿ?

ಬೆಂಗಳೂರು ಕೋಟೆಯಲ್ಲಿ ಇಂದಿಗೆ ಉಳಿದಿರುವ ಗೋಡೆಯಲ್ಲಿ ಒಂದು ಕಲ್ಲುಹಲಗೆಯನ್ನು ಕೂರಿಸಿರುವರು. ೧೭೯೧ನೆಯ ಇಸವಿ ಮಾರ್ಚಿ ೨೧ರಂದು ಆಂಗ್ಲರ ಪಡೆಯು ಇದೇ ಒಡಕಿನ ಮೂಲಕ ಏರಿ ಬಂದಿತೆಂದು ಅದರ ಮೇಲೆ ಇಂಗ್ಲೀಷಿನಲ್ಲಿ ಕೆತ್ತಿದೆ. ಏರಿದವರ ಮಾತು ಅಷ್ಟುಂಟು. ತಡೆದವರ ಮಾತು ಒಂದಕ್ಷರವೂ ಇಲ್ಲ. ಆ ರಾತ್ರಿ ಕೋಟೆಯ ಕಿಲ್ಲೇದಾರನಾದ ಬಹಾದೂರ್ ಖಾನನು ಕಾದಾಡುತ್ತಲೇ ಮಡಿದನೆಂಬುದನ್ನು ತಿಳಿಯಬೇಕಾದರೆ ಪುಸ್ತಕವನ್ನೇ ತೆರೆಯಬೇಕು. ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಮೊಮ್ಮಗನೊಡನೆ ಆ ಕಲ್ಲಿನ ಮುಂದೆ ನಿಂತಿದ್ದಾಗ ಹುಡುಗನು, "ತಾತ, ಒಳಗಿದ್ದವರ ಹೆಸರೇಕೆ ಬರೆದಿಲ್ಲ?" ಎಂದು ಕೇಳಿದನಂತೆ. ತಾತನಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋದವರೇ ನಮಗೊಂದು ಕಾಗದ ಬರೆದರು: "ಸ್ವಾಮಿ, ನಮ್ಮ ನಾಡಿನಲ್ಲಿ ನಡೆದ ಯುದ್ಧಗಳ ವಿಚಾರವಾಗಿ ನಂಬತಕ್ಕ ಪುಸ್ತಕಗಳು ಯಾವುವು? ಅವು ಎಲ್ಲಿ ಸಿಕ್ಕಾವು? ಕೊಳ್ಳುವಾಗ ಮೋಸಹೋಗದಿರಲು ಏನು ಮಾಡಬೇಕು? ದಯವಿಟ್ಟು ತಿಳಿಸುವಿರಾ?"

ಈ ಪ್ರಶ್ನೆ ಅವರೊಬ್ಬರದಲ್ಲವೆಂದು ತಿಳಿದು ಉತ್ತರವನ್ನು ಇಲ್ಲಿಯೇ ಕೊಡುತ್ತಿದ್ದೇವೆ.

ಮೊದಲು ಒಂದು ಕಹಿಯಾದ ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ಮೈಸೂರಿನ ನಾಲ್ಕು ಯುದ್ಧಗಳನ್ನು ಕುರಿತು ಸವಿಸ್ತಾರವಾಗಿ ಬರೆದವರಲ್ಲಿ ಹೆಚ್ಚಿನವರು ಮೈಸೂರಿನ ಶತ್ರುಗಳು. ರೋಡರಿಕ್ ಮೆಕೆಂಜಿ ಎಂಬ ಸೈನ್ಯಾಧಿಕಾರಿಯ ಎರಡು ಸಂಪುಟಗಳು ೧೭೯೩-೯೪ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದವು. ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿದ ವೃತ್ತಾಂತವನ್ನು ಅದರಲ್ಲಿ ಓದಬಹುದು. ಮೇಜರ್ ಡಿರೋಮನು ೧೭೯೨ರ ಶ್ರೀರಂಗಪಟ್ಟಣದ ದಂಡಯಾತ್ರೆಯ ಕಥನವನ್ನು ಮರುವರ್ಷವೇ ಲಂಡನ್ನಿನಲ್ಲಿ ಪ್ರಕಟಿಸಿದನು. ೧೭೯೯ರ ಕಡೆಯ ಮುತ್ತಿಗೆಯನ್ನು ಬರೆದವನು ಅಲೆಗ್ಸಾಂಡರ್ ಬೀಟ್ಸನ್. ಆ ದಂಡಿನ ಭೂಮಾಪನಾಧಿಕಾರಿಯೂ ಗವರ್ನರ್ ಜನರಲ್ ವೆಲ್ಲೆಸ್ಲಿಯ ಸಮೀಪವರ್ತಿಯೂ ಆಗಿದ್ದವನು. ಅವನ ಗ್ರಂಥ ೧೮೦೦ರಲ್ಲಿ ಹೊರಬಿತ್ತು. ಕೋಟೆ ಬಿದ್ದುದು ಮೇ ೪ರಂದು. ವರ್ಷವೊಂದು ತಿರುಗುವಷ್ಟರಲ್ಲಿ ಗೆದ್ದವರ ಕಥೆ ನಕ್ಷೆಸಹಿತವಾಗಿ ಲಂಡನ್ನಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಿತ್ತು. ಈ ವೇಗವನ್ನು ನಮ್ಮ ವಾಚಕರು ಗಮನಿಸಬೇಕು.

ಇವೆಲ್ಲಕ್ಕೂ ಮಿಗಿಲಾದುದು ಮಾರ್ಕ್ ವಿಲ್ಕ್ಸನ ದಕ್ಷಿಣ ಹಿಂದೂದೇಶದ ಇತಿಹಾಸ. ಅದರ ಮೊದಲನೆಯ ಸಂಪುಟ ೧೮೧೦ರಲ್ಲಿಯೂ ಉಳಿದೆರಡು ೧೮೧೭ರಲ್ಲಿಯೂ ಬಂದವು. ವಿಲ್ಕ್ಸನು ೧೮೦೩ರಿಂದ ೧೮೦೮ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು, ದಿವಾನ್ ಪೂರ್ಣಯ್ಯನವರೇ ಮೊದಲಾಗಿ ಯುದ್ಧಗಳನ್ನು ಕಣ್ಣಾರೆ ಕಂಡಿದ್ದವರಿಂದ ಕೇಳಿ, ಇಲ್ಲಿಯ ಕಡತಗಳನ್ನೂ ನೋಡಿ ಬರೆದವನು. ಟಿಪ್ಪುವಿನ ವಿಷಯದಲ್ಲಿ ಅವನ ಲೇಖನಿ ವಿಷವನ್ನು ಕಾರುತ್ತದೆಂಬುದು ನಿಜ. ಆದರೂ ಹೈದರನ ದಂಡು ಯಾವ ಕಣಿವೆಯಿಂದ ಇಳಿಯಿತು, ಎಲ್ಲಿ ತಂಗಿತು, ಮೇವು ನೀರುಗಳಿಗೆ ಏನು ಮಾಡಿತು ಎಂಬುದನ್ನು ಅವನಷ್ಟು ತಿಳಿದು ಹೇಳಿದ ಇನ್ನೊಬ್ಬನಿಲ್ಲ. ಸರ್ ಮರ್ರೆ ಹ್ಯಾಮಿಕ್ಕರು ಟಿಪ್ಪಣಿಗಳನ್ನು ಸೇರಿಸಿ ಸಿದ್ಧಪಡಿಸಿದ ಇದರ ಹೊಸ ಮುದ್ರಣವು ೧೯೩೦ರ ಸುಮಾರಿಗೆ ಮೈಸೂರಿನ ಸರಕಾರಿ ಮುದ್ರಣಾಲಯದಿಂದ ಎರಡು ಸಂಪುಟಗಳಲ್ಲಿ ಹೊರಬಂದಿತು. ಒಂದೇ ಒಂದು ಗ್ರಂಥಕ್ಕೆ ಹಣ ತೆರಬಲ್ಲವರು ಈ ಮುದ್ರಣವನ್ನೇ ಹುಡುಕತಕ್ಕದ್ದೆಂದು ನಮ್ಮ ಅಭಿಪ್ರಾಯ. ಅಂಕಿ ಅಂಶಗಳಲ್ಲಿಯೂ ಪಲ್ಟನ್ನುಗಳ ಲೆಕ್ಕದಲ್ಲಿಯೂ ಆಸಕ್ತಿಯುಳ್ಳವರು ೧೮೮೨ರಿಂದ ಮದರಾಸಿನ ಸರಕಾರಿ ಮುದ್ರಣಾಲಯವು ಹೊರತಂದ ವಿಲ್ಸನ್ನನ ಮದರಾಸು ಸೈನ್ಯದ ಚರಿತ್ರೆಯನ್ನು ನೋಡಬಹುದು. ಅದು ಓದುವ ಪುಸ್ತಕವಲ್ಲ, ಬೇಕಾದಾಗ ತೆರೆದು ನೋಡುವ ಪುಸ್ತಕ.

ಹಾಗಾದರೆ ಈ ಕಡೆಯವರು ಏನನ್ನೂ ಬರೆಯಲೇ ಇಲ್ಲವೇ? ಬರೆದರು. ಹೈದರ್ ಟಿಪ್ಪುಗಳ ಆಶ್ರಯದಲ್ಲಿದ್ದ ಕಿರ್ಮಾನಿಯು ಪಾರಸಿಯಲ್ಲಿ ಬರೆದ ಚರಿತ್ರೆಯನ್ನು ಕರ್ನಲ್ ಮೈಲ್ಸನು ಇಂಗ್ಲೀಷಿಗೆ ತಿರುಗಿಸಿದನು. ಹೈದರನ ಭಾಗ ೧೮೪೨ರಲ್ಲಿ, ಟಿಪ್ಪುವಿನ ಭಾಗ ೧೮೬೪ರಲ್ಲಿ ಪ್ರಕಟವಾದವು. ಇನ್ನು ಕನ್ನಡದಲ್ಲಿಯೇ ೧೭೮೪ರಲ್ಲಿ ಬರೆದ 'ಹೈದರ್ ನಾಮಾ' ಎಂಬ ಹಸ್ತಪ್ರತಿಯೊಂದುಂಟು. ಅದರ ಸಾರವು ಮೈಸೂರು ಪುರಾತತ್ತ್ವ ಇಲಾಖೆಯ ೧೯೩೦ನೆಯ ಇಸವಿಯ ವಾರ್ಷಿಕ ವರದಿಯಲ್ಲಿ ಅಡಗಿಕೊಂಡಿದೆ. ವಾರ್ಷಿಕ ವರದಿಯೆಂದು ಮೇಲೆ ಬರೆದ ಪುಸ್ತಕವನ್ನು ಯುದ್ಧೇತಿಹಾಸ ಹುಡುಕುವವನು ಕೈಯಲ್ಲಿ ಹಿಡಿಯುವನೇ? ಹಳೆಯ ಪುಸ್ತಕಗಳ ರಾಶಿಯಲ್ಲಿ ಇಂತಹ ಬೂದುಬಣ್ಣದ ಸರಕಾರಿ ವರದಿಗಳು ಕಂಡರೆ ಬಿಡದೆ ತಿರುವಿ ನೋಡಬೇಕು. ಬಂಗಾರದ ಅಕ್ಷರದ ಬೆನ್ನುಳ್ಳ ಪುಸ್ತಕಗಳಲ್ಲಿ ಇಲ್ಲದ್ದು ಅನೇಕ ವೇಳೆ ಅಲ್ಲಿರುತ್ತದೆ. ಹಯವದನರಾಯರು ೧೯೪೩ರಿಂದ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮೈಸೂರಿನ ಇತಿಹಾಸವು ಇಂತಹ ದೇಶೀಯ ಆಕರಗಳನ್ನು ಆಂಗ್ಲರ ಬರಹಗಳ ಪಕ್ಕದಲ್ಲಿಟ್ಟು ತೂಗಿದೆ. ಅದರ ಅಡಿಟಿಪ್ಪಣಿಗಳೇ ಒಂದು ಗ್ರಂಥಸೂಚಿಯಂತಿವೆ.

ಟಿಪ್ಪುವಿನ ಸ್ವಂತ ಗ್ರಂಥಭಂಡಾರದ ಗತಿಯನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸೊಪ್ಪದು. ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಲ್ಲಿ ಸುಮಾರು ೨೦೦೦ ಪುಸ್ತಕಗಳಿದ್ದವು. ಚಾರ್ಲ್ಸ್ ಸ್ಟೂಅರ್ಟನು ಅವುಗಳ ವಿವರಣಾತ್ಮಕ ಪಟ್ಟಿಯನ್ನು ೧೮೦೯ರಲ್ಲಿ ಕೇಂಬ್ರಿಜ್ಜಿನಲ್ಲಿ ಅಚ್ಚು ಹಾಕಿಸಿದನು. ಪುಸ್ತಕಗಳು ಕಲ್ಕತ್ತೆಗೂ ಲಂಡನ್ನಿಗೂ ಕೇಂಬ್ರಿಜ್ಜಿಗೂ ಹಂಚಿಹೋದವು. ಟಿಪ್ಪುವು ತನ್ನ ಸೈನ್ಯದ ಶಿಸ್ತು ಕವಾಯಿತುಗಳಿಗಾಗಿ ಬರೆಯಿಸಿದ 'ಫತ್ಹುಲ್ ಮುಜಾಹಿದೀನ್' ಎಂಬ ಕೈಪಿಡಿಯ ಪ್ರತಿಗಳನ್ನು ಇಂದು ನೋಡಬೇಕಾದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೋ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಗೋ ಹೋಗಬೇಕು. ಈ ನಾಡಿನ ಸಿಪಾಯಿಯು ಹೇಗೆ ಹೆಜ್ಜೆ ಹಾಕುತ್ತಿದ್ದನೆಂಬುದನ್ನು ಈ ನಾಡಿನ ವಿದ್ಯಾರ್ಥಿಯು ಸಮುದ್ರ ದಾಟಿ ತಿಳಿಯಬೇಕಾಗಿ ಬಂದಿದೆ.

ಇರಲಿ, ಅಂಗಡಿಗಳ ಮಾತಿಗೆ ಬರೋಣ. ಬೆಂಗಳೂರಿನ ಅವಿನ್ಯೂ ರಸ್ತೆಯ ಹಳೆಯ ಪುಸ್ತಕದ ವ್ಯಾಪಾರ ಎಲ್ಲರಿಗೂ ತಿಳಿದುದೇ. ೧೭೯೧ರ ಮಾರ್ಚಿ ೭ರಂದು ಕಾರ್ನ್‌ವಾಲಿಸನ ದಂಡು ನುಗ್ಗಿ ಹಿಡಿದ ಪೇಟೆಯೇ ಅದು. ಆ ದಿನ ಪೇಟೆಯ ಬಾಗಿಲ ಬಳಿ ಅವರ ಫಿರಂಗಿದಳದ ಕರ್ನಲ್ ಮೂರ್‌ಹೌಸನು ಸತ್ತನು. ಅಲ್ಲಿ ಈಗ ಹೆಚ್ಚಾಗಿ ಮಾರುವುದು ಪರೀಕ್ಷೆಯ ಪುಸ್ತಕಗಳು. ಆದರೂ ಸೈನ್ಯದ ನಿವೃತ್ತ ಅಧಿಕಾರಿಗಳು ಬಹುಸಂಖ್ಯೆಯಲ್ಲಿ ನೆಲಸಿದ ಊರು ಇದಾದುದರಿಂದ, ಅವರ ಮನೆಗಳ ಪುಸ್ತಕಗಳು ಆಗಾಗ್ಗೆ ತೂಕಕ್ಕೆ ಮಾರಾಟವಾಗಿ ಹಳೆಯ ಪುಸ್ತಕದವರ ಕೈ ಸೇರುವುದುಂಟು. ಬ್ರಿಗೇಡ್ ರಸ್ತೆಯ ಓಣಿಯಲ್ಲಿರುವ, ೧೯೪೫ರಲ್ಲಿ ಸ್ಥಾಪಿತವಾದ ಸೆಲೆಕ್ಟ್ ಪುಸ್ತಕದಂಗಡಿಯು ಹಳೆಯ ಮತ್ತು ದುರ್ಲಭ ಗ್ರಂಥಗಳಿಗೆ ಹೆಸರಾದುದು. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಹೊಸದೂ ಹಳೆಯದೂ ಬೆರೆತಿರುತ್ತವೆ. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಹಿಗ್ಗಿನ್‌ಬಾಥಮ್ಸ್ ೧೯೦೫ರಿಂದ ವ್ಯಾಪಾರ ಮಾಡಿಕೊಂಡು ಬಂದ ಸಂಸ್ಥೆ. ಅನೇಕ ಮಂದಿ ವಾಚಕರಿಗೆ ಮನೆಯಂತಿದ್ದ ಪ್ರೀಮಿಯರ್ ಪುಸ್ತಕದಂಗಡಿಯು ೨೦೦೯ರಲ್ಲಿ ಬಾಗಿಲು ಮುಚ್ಚಿತು.

ಪರಸ್ಥಳಗಳ ಮಾತನ್ನು ಸಂಕ್ಷೇಪವಾಗಿ ಹೇಳುವೆವು. ಮದರಾಸಿನಲ್ಲಿ ಹಳೆಯ ಪುಸ್ತಕಗಳ ತವರಾಗಿದ್ದ ಮೂರ್ ಮಾರ್ಕೆಟ್ಟು ೧೯೮೫ರಲ್ಲಿ ಬೆಂಕಿಗೆ ಆಹುತಿಯಾಯಿತು. ದೆಹಲಿಯ ದರಿಯಾಗಂಜಿನ ಭಾನುವಾರದ ಪುಸ್ತಕಸಂತೆಯನ್ನು ೨೦೧೯ರಲ್ಲಿ ಕಾಲುದಾರಿಯಿಂದ ಎಬ್ಬಿಸಿ ಸಮೀಪದ ಮಹಿಳಾ ಹಾಟಿಗೆ ಸ್ಥಳಾಂತರಿಸಿದರು. ಕಲ್ಕತ್ತೆಯ ಕಾಲೇಜ್ ಸ್ಟ್ರೀಟು ತನ್ನ ಸ್ಥಾನವನ್ನು ಕಾಪಾಡಿಕೊಂಡಿದೆ. ಸರಕಾರೀ ಕೆಲಸದ ಮೇಲೆ ಈ ಊರುಗಳಿಗೆ ಪ್ರಯಾಣ ಮಾಡುವ ನಮ್ಮ ಅಧಿಕಾರಿಗಳು ಒಂದು ಗಂಟೆಯ ಬಿಡುವನ್ನು ಇದಕ್ಕೆ ಮೀಸಲಿಟ್ಟರೆ ನಷ್ಟವಾಗಲಾರದು.

ಈಗ ಕೊಳ್ಳುವ ಕ್ರಮ. ಯುದ್ಧೇತಿಹಾಸದ ಪುಸ್ತಕಕ್ಕೆ ನಕ್ಷೆಯೇ ಜೀವ. ಎಡಪಾರ್ಶ್ವ, ಬಲಪಾರ್ಶ್ವ, ಹಳ್ಳ, ದಿಣ್ಣೆಗಳನ್ನು ಬರಿಯ ಮಾತಿನಿಂದ ತಿಳಿಯುವುದು ಯಾರಿಗೂ ಸಾಧ್ಯವಿಲ್ಲ. ಹಳೆಯ ಗ್ರಂಥಗಳಲ್ಲಿ ಈ ನಕ್ಷೆಗಳು ಮಡಿಸಿ ಅಂಟಿಸಿದ ದೊಡ್ಡ ಹಾಳೆಗಳು. ಚಿತ್ರದಂತೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುವವರಿಗೆ ಮಾರುವುದಕ್ಕಾಗಿ ಅವನ್ನು ಪುಸ್ತಕದಿಂದ ಕತ್ತರಿಸಿ ತೆಗೆಯುವ ಕೆಟ್ಟ ಪದ್ಧತಿಯೊಂದು ಬೆಳೆದಿದೆ. ಆದುದರಿಂದ ಮೊದಲಲ್ಲಿರುವ ಚಿತ್ರಗಳ ಹಾಗೂ ನಕ್ಷೆಗಳ ಪಟ್ಟಿಯನ್ನು ಹಿಡಿದು, ಒಂದೊಂದನ್ನೂ ಎಣಿಸಿ ನೋಡಿದ ಮೇಲೆಯೇ ಬೆಲೆಯ ಮಾತನಾಡಬೇಕು. ಹೊಲಿಗೆಯ ಬಳಿ ಬ್ಲೇಡಿನ ಗುರುತಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಪುಸ್ತಕಭಂಡಾರವೊಂದರ ಮುದ್ರೆಯಿದ್ದು, ಅದನ್ನು ಹೊರಹಾಕಿದ ಗುರುತು ಇಲ್ಲದಿದ್ದರೆ, ಅದು ಕಳವಿನ ಮಾಲೇ ಎಂದು ವಿಚಾರಿಸದೆ ಕೊಳ್ಳಕೂಡದು. ನಮ್ಮಲ್ಲಿ ಕೊಳ್ಳುವ ಸಭ್ಯರೇ ಇದನ್ನು ಕೇಳದಿರುವುದರಿಂದಲ್ಲವೇ ಪುಸ್ತಕಾಲಯಗಳ ಕಪಾಟುಗಳು ಬರಿದಾಗುತ್ತಿರುವುದು?

ಮರುಮುದ್ರಣಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹಕ್ಕುಸ್ವಾಮ್ಯ ತೀರಿದ ಹಳೆಯ ಗ್ರಂಥವನ್ನು ಯಂತ್ರದಿಂದ ಛಾಯೆ ತೆಗೆದು, ಆರ್ಡರು ಬಂದಾಗ ಒಂದೊಂದೇ ಪ್ರತಿಯನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸುವ ವ್ಯಾಪಾರ ಈಗ ವಿಶೇಷವಾಗಿದೆ. ಈ ಲೇಖಕನು ಡಿರೋಮನ ಪುಸ್ತಕವನ್ನು ಒಮ್ಮೆ ಹೀಗೆ ತರಿಸಿದನು. ರಟ್ಟು ಚೆಂದವಾಗಿತ್ತು, ಕಾಗದ ಬೆಳ್ಳಗಿತ್ತು. ಶ್ರೀರಂಗಪಟ್ಟಣದ ನಕ್ಷೆಯಿರಬೇಕಾದ ಕಡೆಯಲ್ಲಿ ಮಡಿಸಿದ ಕಾಗದದ ಬೆನ್ನಿನ ಚಿತ್ರವೊಂದು ಬಂದಿತ್ತು! ಛಾಯೆ ತೆಗೆದವನು ಹಾಳೆಯನ್ನು ಬಿಡಿಸುವಷ್ಟು ಶ್ರಮವನ್ನೂ ವಹಿಸಿರಲಿಲ್ಲ. ಮಾರಿದವರಿಗೆ ಕಾಗದ ಬರೆದುದಕ್ಕೆ, ಮೂಲಪ್ರತಿ ಹೇಗಿತ್ತೋ ಹಾಗೆಯೇ ಮುದ್ರಿಸಿರುವೆವೆಂಬ ಉತ್ತರ ಬಂದಿತು. ಅಂದಿನಿಂದ, ಪ್ರಕಾಶಕನು ಯಾರು, ಅಕ್ಷರಗಳನ್ನು ಹೊಸದಾಗಿ ಜೋಡಿಸಿದೆಯೇ ಛಾಯೆಯೇ, ನಕ್ಷೆಗಳು ಪೂರ್ಣಗಾತ್ರದಲ್ಲಿವೆಯೇ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯದೆ ನಾವು ಹಣ ಕಳುಹಿಸುವುದಿಲ್ಲ. ದೆಹಲಿಯ ಏಷಿಯನ್ ಎಜುಕೇಷನಲ್ ಸರ್ವೀಸಸ್ಸಿನವರಂತೆ ಹಳೆಯ ಗ್ರಂಥಗಳನ್ನು ಪುನಃ ಅಚ್ಚು ಹಾಕುವುದನ್ನೇ ಕಸುಬಾಗಿ ಮಾಡಿಕೊಂಡ ಸಂಸ್ಥೆಗಳೂ ಉಂಟು. ಸೈನ್ಯದ ವಿಷಯದಲ್ಲಿ ದೆಹರಾದೂನಿನ ನಟರಾಜ್ ಪ್ರಕಾಶಕರ ಪಟ್ಟಿಯನ್ನು ತರಿಸಿ ನೋಡಬಹುದು.

ಹಣ ತೆರಲಾರದವರು ನಿರಾಶರಾಗಬೇಕಾದುದಿಲ್ಲ. ಮೇಲೆ ಹೇಳಿದ ಆಂಗ್ಲ ಗ್ರಂಥಗಳಲ್ಲಿ ಬಹುಪಾಲು ಇಂದು ಅಂತರ್ಜಾಲದ 'ಇಂಟರ್ನೆಟ್ ಆರ್ಕೈವ್' ಎಂಬ ಸಾರ್ವಜನಿಕ ಭಂಡಾರದಲ್ಲಿ ಬಿಟ್ಟಿಯಾಗಿ ಓದಲು ದೊರೆಯುತ್ತವೆ. ಅಲ್ಲಿಯೂ ಮಡಿಸಿದ ನಕ್ಷೆಯ ರೋಗ ತಪ್ಪಿಲ್ಲ. ಆದರೆ ಒಂದೇ ಪುಸ್ತಕದ ಎರಡು ಮೂರು ಪ್ರತಿಗಳ ಛಾಯೆಗಳಿದ್ದರೆ ಒಂದರಲ್ಲಿಲ್ಲದ ನಕ್ಷೆ ಇನ್ನೊಂದರಲ್ಲಿ ಸಿಕ್ಕೀತು. ಮೊದಲು ಅಲ್ಲಿ ಓದಿ, ಬೇಕೆನಿಸಿದುದನ್ನು ಮಾತ್ರ ಕೊಳ್ಳುವುದು ಗೃಹಸ್ಥನಿಗೆ ಹಿತ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯ ಪುಸ್ತಕಾಲಯ, ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಪುಸ್ತಕಾಲಯ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಮದರಾಸಿನ ಕನ್ನೆಮರಾ ಪುಸ್ತಕಾಲಯ ಇವುಗಳಲ್ಲಿ ಕುಳಿತು ಓದುವವನಿಗೆ ವರ್ಷಗಟ್ಟಲೆ ಸಾಲುವಷ್ಟು ಸಾಮಗ್ರಿಯಿದೆ. ಪಕ್ಕದಲ್ಲಿ ಭಾರತ ಭೂಮಾಪನ ಇಲಾಖೆಯ ನಕ್ಷೆಯೊಂದನ್ನು ಹರಡಿಕೊಂಡರೆ ವಿಲ್ಕ್ಸನ ಅರ್ಧ ಕಷ್ಟ ಪರಿಹಾರವಾಗುವುದು.

ಹಳ್ಳಿಗಳಲ್ಲಿ ಹಳೆಯ ಮನೆತನದವರ ಬಳಿ ಕಡತ, ಓಲೆಗರಿ, ಬಖೈರುಗಳಿದ್ದು, ಮಧ್ಯವರ್ತಿಗಳು ಅವನ್ನು ಕೊಳ್ಳಲು ಬರುವುದುಂಟು. ಅಂಥವರು ೧೯೭೨ರ ಪುರಾತನ ವಸ್ತುಗಳ ಶಾಸನವನ್ನು ತಿಳಿದಿರಬೇಕು. ಐತಿಹಾಸಿಕ ಬೆಲೆಯುಳ್ಳ, ೭೫ ವರ್ಷ ದಾಟಿದ ಹಸ್ತಪ್ರತಿಯು ಅದರ ವ್ಯಾಪ್ತಿಗೆ ಸೇರಿದುದು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವುದು ಅಪರಾಧ. ತಾಲ್ಲೂಕು ಕಚೇರಿಯ ಮಹನೀಯರು ಈ ಮಾತನ್ನು ರೈತರಿಗೆ ಒಮ್ಮೆ ತಿಳಿಸಿ ಹೇಳಿದರೆ ಮತ್ತೊಂದು ಭಂಡಾರ ಕಡಲು ದಾಟುವುದು ತಪ್ಪಬಹುದು.

ಮೈಸೂರಿಗಿಂತ ಹಿಂದಿನ ಕಾಲವನ್ನು ಬಯಸುವವರಿಗೆ ೧೯೦೦ರಲ್ಲಿ ಪ್ರಕಟವಾದ ಸೂಯೆಲನ ವಿಜಯನಗರದ ಇತಿಹಾಸ ಅನೇಕ ಮುದ್ರಣಗಳಲ್ಲಿ ಸುಲಭವಾಗಿ ಸಿಗುತ್ತದೆ. ೧೫೨೦ರ ರಾಯಚೂರಿನ ಯುದ್ಧವನ್ನು ವರ್ಣಿಸಿದ ಪೋರ್ತುಗೀಸ ನೂನಿಜನ ಬರಹವನ್ನು ಅದರಲ್ಲಿ ಅನುವಾದಿಸಿ ಸೇರಿಸಿದೆ. ಕೃಷ್ಣದೇವರಾಯನ ಸೈನ್ಯದಲ್ಲಿ ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆಗಳಿದ್ದವೆಂದು ಅವನ ಲೆಕ್ಕ. ಏಳು ಲಕ್ಷ ಮಂದಿಗೆ ಬೇಸಗೆಯ ಮೇ ತಿಂಗಳಲ್ಲಿ ರಾಯಚೂರಿನ ದಾರಿಯಲ್ಲಿ ನೀರು ಎಲ್ಲಿಂದ ಬಂದಿತೆಂದು ಜಮಾಬಂದಿ ಮಾಡಿ ಅನುಭವವುಳ್ಳ ನಮ್ಮ ಅಧಿಕಾರಿಗಳು ಆಲೋಚಿಸಿದರೆ, ಇತಿಹಾಸಗ್ರಂಥವನ್ನು ಹೇಗೆ ಓದಬೇಕೆಂಬುದು ತಾನಾಗಿ ತಿಳಿದೀತು. ಮರಾಠರ ಸೈನ್ಯವ್ಯವಸ್ಥೆಗೆ ಸುರೇಂದ್ರನಾಥ ಸೇನರ ೧೯೨೮ರ ಗ್ರಂಥವೂ ಮೊಗಲರ ಸೈನ್ಯಕ್ಕೆ ಇರ್ವಿನನ ೧೯೦೩ರ ಗ್ರಂಥವೂ ಇಂದಿಗೂ ಪ್ರಮಾಣವಾಗಿವೆ. ಯುದ್ಧಶಾಸ್ತ್ರವನ್ನೇ ಬಲ್ಲೆವೆನ್ನುವವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಮರೆಯಬಾರದು. ಅದರ ಹಸ್ತಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಲೋಕಕ್ಕೆ ಕೊಟ್ಟವರು ಮೈಸೂರಿನ ಶಾಮಶಾಸ್ತ್ರಿಗಳು. ಸಾಮಾನ್ಯ ಸೈನಿಕನ ಹೆಸರು ಬೇಕೆಂದರೆ ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳಿವೆ. ತುರುಗಾಳಗದಲ್ಲಿ ಬಿದ್ದವನ, ಒಡೆಯನಿಗಾಗಿ ಸತ್ತವನ ಹೆಸರನ್ನೂ ಊರನ್ನೂ ವೀರಗಲ್ಲುಗಳಲ್ಲಿ ಕಾಪಾಡಿಟ್ಟ ನಾಡು ಇದು. ಕೋಟೆಯ ಇಂಗ್ಲೀಷು ಕಲ್ಲುಹಲಗೆಗಿಂತ ಈ ವೀರಗಲ್ಲುಗಳು ಹೆಚ್ಚು ಉದಾರವಾದವು.

ಇಪ್ಪತ್ತನೆಯ ಶತಮಾನದ ಯುದ್ಧಗಳಿಗೆ ಬಂದರೆ ಕೊರತೆ ಬೇರೆ ಬಗೆಯದು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಜೋಧಪುರದ ರಾವುತರೊಡನೆ ಹಿಡಿದ ಮೈಸೂರು ಲಾನ್ಸರುಗಳ ಸ್ಮಾರಕ ಬೆಂಗಳೂರಿನ ಜೆ. ಸಿ. ನಗರದಲ್ಲಿದೆ. ಅದರ ಪಕ್ಕದಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿಗೆ ಆ ಕಥೆ ಗೊತ್ತು? ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯದ ಅಧಿಕೃತ ಇತಿಹಾಸವು ಬಿಶೇಶ್ವರ ಪ್ರಸಾದರ ಸಂಪಾದಕತ್ವದಲ್ಲಿ ಇಪ್ಪತ್ತಕ್ಕೂ ಮಿಕ್ಕ ಸಂಪುಟಗಳಲ್ಲಿ ಬಂದಿತು. ೧೯೪೭-೪೮ರ ಕಾಶ್ಮೀರ ಯುದ್ಧದ ಅಧಿಕೃತ ಚರಿತ್ರೆಯು ಹೊರಬೀಳಲು ೧೯೮೭ರವರೆಗೆ ಕಾಯಬೇಕಾಯಿತು. ಕೊಡಗಿನ ತಿಮ್ಮಯ್ಯನವರು ೧೯೪೮ರ ನವೆಂಬರ್ ೧ರಂದು ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆಚ್ಚಿಬೀಳಿಸಿದ ವೃತ್ತಾಂತವು ಸರಕಾರದ ಮುದ್ರೆಯೊಡನೆ ಜನರ ಕೈಸೇರುವ ಹೊತ್ತಿಗೆ ಆ ಸೈನಿಕರಲ್ಲಿ ಅನೇಕರು ಮುದುಕರಾಗಿದ್ದರು.

೧೯೬೨ರ ಚೀಣೀ ಯುದ್ಧದ ಕಥೆ ಇದಕ್ಕಿಂತ ಶೋಚನೀಯ. ರಕ್ಷಣಾ ಮಂತ್ರಿಶಾಖೆಯ ಇತಿಹಾಸ ವಿಭಾಗದವರು ಅದನ್ನು ೧೯೯೨ರಲ್ಲಿ ಬರೆದು ಮುಗಿಸಿದರೂ ಸರಕಾರವು ಜನರಿಗೆ ಕೊಡಲಿಲ್ಲ. ೨೦೦೦ದಲ್ಲಿ ವರ್ತಮಾನಪತ್ರಿಕೆಯೊಂದು ಅದನ್ನು ಬಯಲಿಗೆ ತಂದಿತು. ಆ ಸೋಲನ್ನು ವಿಚಾರಣೆ ಮಾಡಿ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಇವರು ೧೯೬೩ರಲ್ಲಿ ಒಪ್ಪಿಸಿದ ವರದಿಯನ್ನು ಸರಕಾರ ಗುಟ್ಟಾಗಿಯೇ ಇಟ್ಟಿತು. ಅದರ ಬಹುಭಾಗವನ್ನು ೨೦೧೪ರಲ್ಲಿ ಅಂತರ್ಜಾಲದಲ್ಲಿ ಹಾಕಿದವನು ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪರದೇಶದ ಪತ್ರಿಕೋದ್ಯೋಗಿ. ಸೆರೆಸಿಕ್ಕಿ ಬಿಡುಗಡೆ ಹೊಂದಿದ ಬ್ರಿಗೇಡಿಯರ್ ದಳವಿಯವರು ೧೯೬೯ರಲ್ಲಿ ತಮ್ಮ 'ಹಿಮಾಲಯನ್ ಬ್ಲಂಡರ್' ಅನ್ನು ಬರೆಯದಿದ್ದರೆ ಸಾಮಾನ್ಯ ವಾಚಕನಿಗೆ ನಮ್ಕಾ ಚೂ ನದಿಯ ಹೆಸರೂ ತಿಳಿಯುತ್ತಿರಲಿಲ್ಲ. ರವಿ ಬೆಳಗೆರೆಯವರು ಅದನ್ನು ಕನ್ನಡಕ್ಕೆ ತಂದರು. ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಕೆಲವೇ ಕನ್ನಡ ಯುದ್ಧಗ್ರಂಥಗಳಲ್ಲಿ ಅದೊಂದು. ಕನ್ನಡಿಗರು ಇಂತಹ ಪುಸ್ತಕಗಳನ್ನು ಓದುವುದಿಲ್ಲವೆಂದು ಪ್ರಕಾಶಕರು ಹೇಳುವ ಮಾತಿಗೆ ಅದರ ಜನಪ್ರಿಯತೆಯೇ ಉತ್ತರ.

ದಾಖಲೆಗಳನ್ನು ಸಾಮಾನ್ಯವಾಗಿ ೨೫ ವರ್ಷಗಳಲ್ಲಿ ಬಹಿರಂಗಪಡಿಸತಕ್ಕದ್ದೆಂದೂ, ಯುದ್ಧ ಮುಗಿದ ೫ ವರ್ಷಗಳೊಳಗಾಗಿ ಅದರ ಇತಿಹಾಸವನ್ನು ಸಂಕಲಿಸತಕ್ಕದ್ದೆಂದೂ ರಕ್ಷಣಾ ಮಂತ್ರಿಶಾಖೆಯು ೨೦೨೧ರ ಜೂನ್ ತಿಂಗಳಲ್ಲಿ ನಿಯಮ ಮಾಡಿತು. ನಿಯಮ ಒಳ್ಳೆಯದು. ಆದರೆ ಅದನ್ನು ನಡೆಯಿಸುವ ಕಚೇರಿಗಳ ಮೇಲೆ ವಾಚಕರ ಒತ್ತಾಯವಿಲ್ಲದೆ ಕಡತಗಳು ತಾವಾಗಿ ಕಪಾಟಿನಿಂದ ಇಳಿದು ಬಾರವು. ಇತ್ತ ನಮ್ಮ ರಾಜ್ಯದ ಸಂಸ್ಕೃತಿ ಇಲಾಖೆಯೂ ವಿಶ್ವವಿದ್ಯಾನಿಲಯಗಳೂ ಮಾಡಬಹುದಾದ ಕೆಲಸವೊಂದುಂಟು: ವಿಲ್ಕ್ಸ್, ಕಿರ್ಮಾನಿ, ಹೈದರ್ ನಾಮಾ ಈ ಮೂರನ್ನೂ ಒಳ್ಳೆಯ ನಕ್ಷೆಗಳೊಡನೆ, ಒಬ್ಬರ ಸುಳ್ಳನ್ನು ಇನ್ನೊಬ್ಬರ ಮಾತಿನಿಂದ ತಿದ್ದುವ ಟಿಪ್ಪಣಿಗಳೊಡನೆ, ಗುಮಾಸ್ತೆಯ ಜೇಬಿಗೆ ಎಟಕುವ ಬೆಲೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸುವುದು. ಇದಕ್ಕೆ ಬೇಕಾದ ವಿದ್ವಾಂಸರು ನಮ್ಮಲ್ಲಿ ಇದ್ದಾರೆ.

ಉಪಾಧ್ಯಾಯರಿಗೆ ಈ ಪಟ್ಟಿಯನ್ನು ಮೊದಲೇ ಕಳುಹಿಸಿಕೊಟ್ಟಿದ್ದೆವು. ಮೊನ್ನೆ ಅವರಿಂದ ಉತ್ತರ ಬಂದಿದೆ. ವಿಲ್ಕ್ಸನ ಹ್ಯಾಮಿಕ್ ಮುದ್ರಣದ ಎರಡನೆಯ ಸಂಪುಟ ಮಾತ್ರ ಹಳೆಯ ಪುಸ್ತಕದ ರಾಶಿಯಲ್ಲಿ ಸಿಕ್ಕಿತಂತೆ, ಮೊದಲನೆಯದಕ್ಕಾಗಿ ಹುಡುಕುತ್ತಿದ್ದಾರೆ. ರಾತ್ರಿ ಊಟವಾದ ಮೇಲೆ ಮೊಮ್ಮಗನಿಗೆ ಒಂದೊಂದು ಪುಟವನ್ನು ಕನ್ನಡದಲ್ಲಿ ಹೇಳುತ್ತಿರುವರಂತೆ. ಬಹಾದೂರ್ ಖಾನನ ಹೆಸರನ್ನು ಹುಡುಗನು ತನ್ನ ಶಾಲೆಯ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದಾನೆ.